ಕಾಣುವ ಸಾಲು ಉಳಿಯಿತು

ಗೂಗಲ್‌ನಲ್ಲಿ ಏನನ್ನಾದರೂ ಹುಡುಕಿದಾಗ ಪ್ರತಿ ಶೀರ್ಷಿಕೆಯ ಕೆಳಗೆ ಸಣ್ಣಕ್ಷರದಲ್ಲಿ ಎರಡು ಸಾಲು ಬರುತ್ತದೆ. ಆ ಜಾಗಕ್ಕೆಂದು ಪುಟ ಮಾಡಿದವರೇ ಬರೆದಿಡುವ ವಾಕ್ಯಕ್ಕೆ ಮೆಟಾ ಡಿಸ್ಕ್ರಿಪ್ಷನ್ ಎಂದು ಹೆಸರು. ಪುಟ ತೆರೆದವರಿಗೆ ಅದು ಎಲ್ಲೂ ಕಾಣುವುದಿಲ್ಲ. ಎಚ್‌ಟಿಎಮ್‌ಎಲ್ ಕೋಡಿನ ತಲೆಭಾಗದಲ್ಲಿ ಒಂದು ಟ್ಯಾಗಿನೊಳಗೆ ಇರುತ್ತದೆ. ಅದನ್ನು ಹೇಗೆ ಬರೆಯಬೇಕು ಎಂಬ ಸಲಹೆಗಳು ಬೇಕಾದಷ್ಟಿವೆ. ಹೆಚ್ಚಿನವು ಎಷ್ಟು ಅಕ್ಷರವಿರಬೇಕು, ಯಾವ ಪದ ಎಲ್ಲಿ ಬರಬೇಕು ಎಂಬ ಲೆಕ್ಕದಲ್ಲೇ ಮುಗಿದುಹೋಗುತ್ತವೆ. ಆದರೆ ಈ ಟ್ಯಾಗಿನ ಮೂರು ದಶಕಗಳ ಚರಿತ್ರೆ ನನಗೆ ಬೇರೊಂದನ್ನು ಹೇಳುತ್ತದೆ. ಫಲಿತಾಂಶದಲ್ಲಿ ಪುಟವನ್ನು ಮೇಲಕ್ಕೆತ್ತುವ ಶಕ್ತಿ ಅದಕ್ಕಿದೆ ಎಂದು ಜನ ನಂಬಿದ್ದಷ್ಟು ಕಾಲ ಅದು ಹಾಳಾಗುತ್ತಿತ್ತು. ಆ ಶಕ್ತಿ ಇಲ್ಲವೆಂದು ಖಚಿತವಾದ ಮೇಲೆ ಓದುಗರಿಗಾಗಿ ಬರೆಯುವ ವಾಕ್ಯವಾಗಿ ಅದು ಉಳಿದುಕೊಂಡಿತು.

1995ರ ನವೆಂಬರ್‌ನಲ್ಲಿ ಎಚ್‌ಟಿಎಮ್‌ಎಲ್ 2.0ರ ನಿಯಮಾವಳಿ ಹೊರಬಂದಾಗ ಅದರಲ್ಲಿ ಮೆಟಾ ಎಂಬ ಟ್ಯಾಗ್ ಇತ್ತು. ಅದರೊಳಗೆ ಏನು ತುಂಬಬೇಕೆಂಬ ಕಟ್ಟುನಿಟ್ಟು ಇರಲಿಲ್ಲ. ಮರುತಿಂಗಳೇ ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್ ಆಲ್ಟಾವಿಸ್ಟಾ ಹುಡುಕುತಾಣವನ್ನು ತೆರೆಯಿತು. ಆ ಕಾಲದ ಹುಡುಕುತಾಣಗಳಿಗೆ ಒಂದು ದೊಡ್ಡ ತೊಡಕಿತ್ತು. ಫಲಿತಾಂಶದ ಕೆಳಗೆ ತೋರಿಸಲು ಪುಟದ ಮೊದಲ ಕೆಲವು ಪದಗಳನ್ನು ಎತ್ತಿಕೊಂಡರೆ, ಎಷ್ಟೋ ಪುಟಗಳಲ್ಲಿ ಅವು ‘ಮುಖಪುಟ, ಸಂಪರ್ಕ, ನಕ್ಷೆ’ ಎಂಬ ಮೆನುವಿನ ಪದಗಳೇ ಆಗಿರುತ್ತಿದ್ದವು. ಬರೀ ಚಿತ್ರಗಳಿದ್ದ ಪುಟಗಳಲ್ಲಿ ಎತ್ತಿಕೊಳ್ಳಲು ಏನೂ ಸಿಗುತ್ತಿರಲಿಲ್ಲ. 1996ರ ಮೇ ತಿಂಗಳಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನ ಕೇಂಬ್ರಿಜ್‌ನಲ್ಲಿ ವರ್ಲ್ಡ್ ವೈಡ್ ವೆಬ್ ಕನ್ಸಾರ್ಷಿಯಂ ಒಂದು ಕಾರ್ಯಾಗಾರ ನಡೆಸಿತು. ಹುಡುಕುತಾಣ ಕಟ್ಟುವವರು ಅಲ್ಲಿ ಕೂತು ಡಿಸ್ಕ್ರಿಪ್ಷನ್, ಕೀವರ್ಡ್ಸ್ ಎಂಬ ಎರಡು ಟ್ಯಾಗುಗಳ ಬಳಕೆಯನ್ನು ಚರ್ಚಿಸಿದರು. 1997ರ ಡಿಸೆಂಬರ್‌ನ ಎಚ್‌ಟಿಎಮ್‌ಎಲ್ 4.0 ತನ್ನ ಅನುಬಂಧದಲ್ಲಿ, ಪುಟ ಹುಡುಕುತಾಣಕ್ಕೆ ಸಿಗುವಂತೆ ಮಾಡುವ ಉಪಾಯಗಳ ಸಾಲಿನಲ್ಲಿ ಎರಡನ್ನೂ ಸೇರಿಸಿತು.

ಜೊತೆಯಲ್ಲೇ ಬೆಳೆದ ಈ ಎರಡರ ಹಣೆಬರಹ ಬೇರೆಬೇರೆಯಾಯಿತು, ಮತ್ತು ನನ್ನ ವಾದಕ್ಕೆ ಇದೇ ಮುಖ್ಯ ಸಾಕ್ಷಿ. ಕೀವರ್ಡ್ಸ್ ಟ್ಯಾಗಿನಲ್ಲಿ ಬರೆದದ್ದನ್ನು ಓದುಗರು ನೋಡುವ ಸಂದರ್ಭವೇ ಇರಲಿಲ್ಲ. ಹಾಗಾಗಿ ಒಂದೇ ಪದವನ್ನು ನೂರು ಸಲ ತುರುಕಿದರು, ಪುಟಕ್ಕೆ ಸಂಬಂಧವೇ ಇಲ್ಲದ ಜನಪ್ರಿಯ ಹೆಸರುಗಳನ್ನು ಸೇರಿಸಿದರು, ಎದುರಾಳಿ ಕಂಪನಿಯ ಟ್ರೇಡ್‌ಮಾರ್ಕನ್ನೂ ಹಾಕಿಕೊಂಡರು. ಈ ಕೊನೆಯದು ಕೋರ್ಟಿನವರೆಗೂ ಹೋಯಿತು. 1999ರ ಬ್ರೂಕ್‌ಫೀಲ್ಡ್ ಪ್ರಕರಣದಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯ, ಇನ್ನೊಬ್ಬರ ಟ್ರೇಡ್‌ಮಾರ್ಕನ್ನು ಮೆಟಾ ಟ್ಯಾಗಿನಲ್ಲಿ ಇಡುವುದನ್ನು ಸ್ವಂತ ಅಂಗಡಿಯ ಮುಂದೆ ಅವರ ಹೆಸರಿನ ಬೋರ್ಡು ಹಾಕುವುದಕ್ಕೆ ಹೋಲಿಸಿತು. 2014ರಲ್ಲಿ ಬಾಂಬೆ ಹೈಕೋರ್ಟ್ ಕೂಡ ಶಾದಿ ಡಾಟ್ ಕಾಮ್ ಹೂಡಿದ್ದ ದಾವೆಯಲ್ಲಿ ಇಂಥದೇ ಮೆಟಾ ಟ್ಯಾಗ್ ಬಳಕೆಯನ್ನು ಪರಿಶೀಲಿಸಬೇಕಾಯಿತು. ಅಷ್ಟರಲ್ಲಿ ಹುಡುಕುತಾಣಗಳು ಪಾಠ ಕಲಿತಿದ್ದವು. 1998ರಲ್ಲಿ ಗೂಗಲ್‌ನ ವಿನ್ಯಾಸವನ್ನು ವಿವರಿಸಿದ ಪ್ರಬಂಧದಲ್ಲೇ ಸರ್ಗೆ ಬ್ರಿನ್ ಮತ್ತು ಲ್ಯಾರಿ ಪೇಜ್, ಓದುಗರ ಕಣ್ಣಿಗೆ ನೇರವಾಗಿ ಬೀಳದ ಪಠ್ಯವೆಲ್ಲ ಹುಡುಕುತಾಣವನ್ನು ಮೋಸಗೊಳಿಸಲು ಬಳಕೆಯಾಗುತ್ತದೆ ಎಂದು ಗುರುತಿಸಿದ್ದರು. 2009ರ ಸೆಪ್ಟೆಂಬರ್‌ನಲ್ಲಿ ಗೂಗಲ್ ಅಧಿಕೃತವಾಗಿಯೇ ಹೇಳಿತು: ರ‍್ಯಾಂಕಿಂಗ್‌ನಲ್ಲಿ ಕೀವರ್ಡ್ಸ್ ಟ್ಯಾಗಿಗೆ ಲೆಕ್ಕವಿಲ್ಲ, ಡಿಸ್ಕ್ರಿಪ್ಷನ್‌ಗೂ ಲೆಕ್ಕವಿಲ್ಲ, ಆದರೆ ಡಿಸ್ಕ್ರಿಪ್ಷನ್ ಅನ್ನು ಫಲಿತಾಂಶದ ಕೆಳಗೆ ಕೆಲವೊಮ್ಮೆ ತೋರಿಸುತ್ತೇವೆ. ಈ ತೋರಿಸುವಿಕೆಯೇ ಅದನ್ನು ಉಳಿಸಿತು. ಕಾಣುವ ಸಾಲಿನಲ್ಲಿ ಸುಳ್ಳು ಬರೆದರೆ ಓದುಗರು ಒಂದು ಕ್ಲಿಕ್ಕಿನಲ್ಲಿ ಪರೀಕ್ಷಿಸುತ್ತಾರೆ, ಸಿಗದಿದ್ದರೆ ಹಿಂದಕ್ಕೆ ಹೋಗುತ್ತಾರೆ.

ಇದಕ್ಕೆ ಎದುರಾಗಿ ಬರುವ ಆಕ್ಷೇಪ ಗಟ್ಟಿಯಾದದ್ದು. ನೀವು ಎಷ್ಟೇ ಚೆನ್ನಾಗಿ ಬರೆಯಿರಿ, ಗೂಗಲ್ ಅದನ್ನು ಬದಿಗಿಟ್ಟು ಪುಟದೊಳಗಿನ ಬೇರೊಂದು ತುಣುಕನ್ನು ತೋರಿಸುತ್ತದೆ, ಹಾಗಿದ್ದಮೇಲೆ ಬರೆಯುವುದೇಕೆ? ಹುಡುಕು ಫಲಿತಾಂಶದಲ್ಲಿ ಪುಟ ಮೇಲೆ ಬರುವಂತೆ ಮಾಡುವ (ಎಸ್‌ಇಒ) ಸಾಧನಗಳನ್ನು ಮಾರುವ ಎಎಚ್‌ರೆಫ್ಸ್ ಕಂಪನಿ 2020ರಲ್ಲಿ ನಡೆಸಿದ ಅಧ್ಯಯನದಲ್ಲಿ ಸುಮಾರು 63% ಸಂದರ್ಭಗಳಲ್ಲಿ ಹೀಗೆ ಬದಲಾಗಿತ್ತು. ಬದಲಾವಣೆಗೆ ಒಳ್ಳೆಯ ಕಾರಣವೂ ಇದೆ. ಬರಹದಿಂದ ಮುಖ್ಯ ವಾಕ್ಯಗಳನ್ನು ಯಂತ್ರವೇ ಆರಿಸುವ ವಿಧಾನವನ್ನು ಐಬಿಎಮ್‌ನ ಹಾನ್ಸ್ ಪೀಟರ್ ಲೂನ್ 1958ರಷ್ಟು ಹಿಂದೆಯೇ ಮಂಡಿಸಿದ್ದ. ಓದುಗ ಕೇಳಿದ ಪ್ರಶ್ನೆಗೆ ತಕ್ಕಂತೆ ಆರಿಸಿದ ಸಾರಾಂಶ, ಬರಹದ ಮೊದಲ ಕೆಲವು ವಾಕ್ಯಗಳಿಗಿಂತ ಹೆಚ್ಚು ನೆರವಾಗುತ್ತದೆ ಎಂದು ಸಂಶೋಧಕರಾದ ಟೊಂಬ್ರೋಸ್ ಮತ್ತು ಸ್ಯಾಂಡರ್ಸನ್ 1998ರಲ್ಲಿ ಪ್ರಯೋಗ ಮಾಡಿ ತೋರಿಸಿದರು. ಮೈಸೂರು ಅರಮನೆಯ ಬಗೆಗಿನ ಒಂದು ಪುಟಕ್ಕೆ ಒಬ್ಬರು ದೀಪಾಲಂಕಾರದ ಸಮಯ ಹುಡುಕುತ್ತ ಬರುತ್ತಾರೆ, ಇನ್ನೊಬ್ಬರು ಅದರ ವಾಸ್ತುಶಿಲ್ಪಿ ಹೆನ್ರಿ ಇರ್ವಿನ್ ಯಾರೆಂದು ತಿಳಿಯಲು ಬರುತ್ತಾರೆ. ಮೊದಲೇ ಬರೆದಿಟ್ಟ ಒಂದೇ ಸಾಲು ಇಬ್ಬರಿಗೂ ಉತ್ತರವಾಗಲಾರದು. ಇದನ್ನು ಒಪ್ಪಿಕೊಳ್ಳಲೇಬೇಕು.

ಒಪ್ಪಿದ ಮೇಲೂ ಕೆಲಸ ಉಳಿಯುತ್ತದೆ. ಯಂತ್ರ ಆರಿಸಲು ಪುಟದಲ್ಲಿ ಒಳ್ಳೆಯ ವಾಕ್ಯಗಳಿರಬೇಕು. ಸಂಸ್ಥೆಯ ಮುಖಪುಟ, ಫೋಟೊ ಸಂಗ್ರಹ, ಅರ್ಜಿ ನಮೂನೆ, ಸೀರೆಗಳ ಬೆಲೆಪಟ್ಟಿ, ಇವುಗಳಲ್ಲಿ ವಾಕ್ಯಗಳೇ ವಿರಳ. 2007ರ ಸೆಪ್ಟೆಂಬರ್‌ನಲ್ಲಿ ಡಿಸ್ಕ್ರಿಪ್ಷನ್ ಬರೆಯುವ ಬಗ್ಗೆ ಗೂಗಲ್ ಸಲಹೆ ಪ್ರಕಟಿಸಿದಾಗ, ಪುಟದಲ್ಲಿ ಅಲ್ಲಲ್ಲಿ ಚದುರಿದ ಬೆಲೆ, ತಯಾರಕರ ಹೆಸರು ಮುಂತಾದ ವಿವರಗಳನ್ನು ಒಂದೆಡೆ ತರುವುದಕ್ಕೆ ಒತ್ತು ಕೊಟ್ಟದ್ದು ಇದಕ್ಕೇ. ಪುಟದ ಮಾಲೀಕರು ತಾವೇ ಬರೆಯದಿದ್ದರೆ ಏನಾಗುತ್ತದೆಂಬುದಕ್ಕೂ ಚರಿತ್ರೆಯಲ್ಲಿ ನಿದರ್ಶನವಿದೆ. 1998ರಲ್ಲಿ ಶುರುವಾದ ಡಿಮೋಜ್ ಎಂಬ ಡೈರೆಕ್ಟರಿಯಲ್ಲಿ ಸ್ವಯಂಸೇವಕರು ಬರೆದಿದ್ದ ವಿವರಣೆಗಳನ್ನು ಹುಡುಕುತಾಣಗಳು ಎತ್ತಿ ತೋರಿಸುತ್ತಿದ್ದವು. ಅವು ಹಳತಾಗಿವೆ, ತಪ್ಪಾಗಿವೆ ಎಂಬ ದೂರು ಎಷ್ಟು ಬಂತೆಂದರೆ, ಅವುಗಳನ್ನು ಬಳಸಬೇಡಿ ಎಂದು ಸೂಚಿಸುವ ಪ್ರತ್ಯೇಕ ಟ್ಯಾಗನ್ನೇ 2006ರಲ್ಲಿ ತರಬೇಕಾಯಿತು. ಡಿಮೋಜ್ 2017ರಲ್ಲಿ ಮುಚ್ಚಿತು. ತನ್ನ ಪುಟದ ಬಗ್ಗೆ ತಾನೇ ಹೇಳುವ ಅವಕಾಶವನ್ನು ಬಿಟ್ಟುಕೊಡುವುದು ನನ್ನ ದೃಷ್ಟಿಯಲ್ಲಿ ಜವಾಬ್ದಾರಿಯನ್ನೇ ಬಿಟ್ಟುಕೊಟ್ಟ ಹಾಗೆ.

ಅಕ್ಷರಗಳ ಲೆಕ್ಕದ ವಿಚಾರ ಹೆಚ್ಚು ಹೊತ್ತು ಬೇಡದ್ದು. 2017ರ ಡಿಸೆಂಬರ್ ಹೊತ್ತಿಗೆ ಗೂಗಲ್ ಈ ತುಣುಕುಗಳನ್ನು ಸುಮಾರು 160 ಅಕ್ಷರಗಳಿಂದ 300ರ ಆಸುಪಾಸಿಗೆ ಹಿಗ್ಗಿಸಿತು. 2018ರ ಮೇ ತಿಂಗಳಲ್ಲಿ ಮತ್ತೆ ಹಳೆಯ ಅಳತೆಗೆ ಇಳಿಸಿತು. ನಡುವಿನ ತಿಂಗಳುಗಳಲ್ಲಿ ಅವಸರದಿಂದ ಎಲ್ಲವನ್ನೂ ಉದ್ದ ಮಾಡಿದವರ ಶ್ರಮ ವ್ಯರ್ಥವಾಯಿತು. ಟ್ಯಾಗಿಗೆ ಮಿತಿಯೆಂಬುದಿಲ್ಲ, ಪರದೆಯ ಅಗಲಕ್ಕೆ ತಕ್ಕಂತೆ ಕತ್ತರಿ ಬೀಳುತ್ತದೆ. ಹಾಗಾಗಿ ಮುಖ್ಯ ವಿಷಯವನ್ನು ಮೊದಲೇ ಹೇಳಿಬಿಡುವವರಿಗೆ ಕತ್ತರಿ ಎಲ್ಲಿ ಬಿದ್ದರೂ ನಷ್ಟ ಕಡಿಮೆ.

ಕನ್ನಡದಲ್ಲಿ ಈ ಕತ್ತರಿಯ ಪ್ರಶ್ನೆ ಇನ್ನಷ್ಟು ಬಿಗಿಯಾದದ್ದು, ಅದರ ಬಗ್ಗೆ ಚರ್ಚೆಯಾದದ್ದು ಮಾತ್ರ ತೀರಾ ಕಡಿಮೆ. ಬಹುಕಾಲ ನಮ್ಮ ಎಷ್ಟೋ ತಾಣಗಳು ತಮ್ಮದೇ ಫಾಂಟುಗಳಲ್ಲಿದ್ದವು. ಓದುವವರಿಗೆ ಅದು ಕನ್ನಡ, ಹುಡುಕುತಾಣಕ್ಕೆ ಅರ್ಥವಿಲ್ಲದ ರೋಮನ್ ಚಿಹ್ನೆಗಳ ರಾಶಿ. ಯೂನಿಕೋಡ್ ಬಂದು ಆ ಕಷ್ಟ ಬಹುಮಟ್ಟಿಗೆ ನೀಗಿತು, ಆದರೆ ಇಂಗ್ಲಿಷಿನ ಅಳತೆಗೋಲು ನಮ್ಮಲ್ಲೇ ಉಳಿಯಿತು. ‘ಶಾಸ್ತ್ರ’ ನಮಗೆ ಎರಡಕ್ಷರ. ಯೂನಿಕೋಡ್ ಲೆಕ್ಕದಲ್ಲಿ ಅದು ಶ, ದೀರ್ಘದ ಚಿಹ್ನೆ, ಸ, ಹಲಂತ, ತ, ಹಲಂತ, ರ ಎಂದು ಏಳು. ಹೀಗಿರುವಾಗ 160 ಎಂಬ ಸಂಖ್ಯೆ ಕನ್ನಡದ ಸಾಲಿನ ಉದ್ದವನ್ನು ಹೇಳಲಾರದು. ಇದಕ್ಕಿಂತ ದೊಡ್ಡ ತೊಂದರೆ ವಾಕ್ಯರಚನೆಯದು. ನಮ್ಮ ಕ್ರಿಯಾಪದ ಕೊನೆಗೆ ಬರುತ್ತದೆ, ಇಲ್ಲ ಎಂಬುದೂ ಕೊನೆಗೇ ಬರುತ್ತದೆ. ಒಂದು ಗ್ರಂಥಾಲಯದ ಪುಟಕ್ಕೆ ಹೀಗೆ ಬರೆದಿದ್ದಾರೆಂದುಕೊಳ್ಳಿ: ‘ಸಾರ್ವಜನಿಕರ ಅನುಕೂಲಕ್ಕಾಗಿ ಸದಾ ಶ್ರಮಿಸುತ್ತಿರುವ ನಮ್ಮ ಗ್ರಂಥಾಲಯದಲ್ಲಿ ಸದಸ್ಯರಲ್ಲದವರಿಗೆ ಭಾನುವಾರ ಹಾಗೂ ಸರ್ಕಾರಿ ರಜಾದಿನಗಳಂದು ಓದುವ ಕೋಣೆಗೆ ಪ್ರವೇಶ…’ ಪ್ರವೇಶ ಇದೆಯೋ ಇಲ್ಲವೋ, ಮೊಬೈಲಿನ ಪರದೆಯಲ್ಲಿ ತಿಳಿಯದು. ಇದನ್ನೇ ‘ಓದುವ ಕೋಣೆ ಬೆಳಿಗ್ಗೆ 8ರಿಂದ ರಾತ್ರಿ 8. ಭಾನುವಾರ ಸದಸ್ಯರಿಗೆ ಮಾತ್ರ. ಸದಸ್ಯತ್ವದ ಅರ್ಜಿ, ಶುಲ್ಕದ ವಿವರ ಇಲ್ಲಿದೆ’ ಎಂದರೆ, ಎರಡನೆಯ ವಾಕ್ಯದ ನಂತರ ಎಲ್ಲಿ ಕಡಿದರೂ ಓದುಗರಿಗೆ ಬೇಕಾದದ್ದು ಕೈಸೇರಿರುತ್ತದೆ.

ಈಚೆಗೆ ಕೇಳಿಬರುವ ಮಾತು, ಕೃತಕ ಬುದ್ಧಿಮತ್ತೆಯ ಉತ್ತರ ಫಲಿತಾಂಶಗಳ ಮೇಲೆಯೇ ಬಂದು ಕೂರುವಾಗ ಈ ಸಾಲುಗಳನ್ನು ಓದುವವರು ಯಾರು ಎಂಬುದು. ಓದುವವರು ಕಡಿಮೆಯಾಗಬಹುದು. ಆದರೆ ಮೇಲಿನ ಉತ್ತರ ಓದಿದ ಮೇಲೂ ಕೆಳಗಿಳಿದು ಬರುವವರಿಗೆ ಮೂಲ ದಾಖಲೆ ಬೇಕಿರುತ್ತದೆ, ಅರ್ಜಿ ಬೇಕಿರುತ್ತದೆ, ಇಂದಿನ ದರ ಬೇಕಿರುತ್ತದೆ. ಅವರಿಗೆ ಎರಡು ಸಾಲಿನಲ್ಲಿ ಹೇಳಬೇಕಾದದ್ದು, ಆ ದಾಖಲೆ ಯಾವ ವರ್ಷದ್ದು, ಅರ್ಜಿ ಕನ್ನಡದಲ್ಲಿದೆಯೇ, ದರ ಯಾವ ದಿನಾಂಕದ್ದು ಎಂಬುದನ್ನೇ.