ಮೋಟೆಬೆನ್ನೂರಿನಿಂದ ಹೊಸರಿತ್ತಿಗೆ

ಊರಿನ ಹಿರಿಮೆಯನ್ನು ನಾವು ಸಾಮಾನ್ಯವಾಗಿ ಗುಡಿಗೋಪುರಗಳಲ್ಲಿ ಹುಡುಕುತ್ತೇವೆ. ಹಾದಿಗೂ ಒಂದು ಇತಿಹಾಸವಿರುತ್ತದೆಂಬುದು ನೆನಪಾಗುವುದು ಅಪರೂಪ. ಫೆಬ್ರವರಿಯ ಒಂದು ಭಾನುವಾರ ನಸುಕಿನಲ್ಲಿ, ಹದಿನೆಂಟು ತುಂಬಿದ ಸೋದರಳಿಯನನ್ನು ಹಿಂದೆ ಕೂರಿಸಿಕೊಂಡು ರಾಣೆಬೆನ್ನೂರಿನಿಂದ ಮೋಟಾರ್ ಸೈಕಲ್ಲಿನಲ್ಲಿ ಹೊರಟಾಗ ನನ್ನ ಮನಸ್ಸಿನಲ್ಲಿದ್ದುದೂ ಬರಿಯ ವಿಹಾರವೇ. ಗಾಡಿ ಮೈಸೂರಿನಲ್ಲಿ ತಯಾರಾದ ಹಳೆಯ ಯೆಜ್ಡಿ. ಅದನ್ನು ಮಾಡಿದ ಕಾರ್ಖಾನೆ 1996ರಲ್ಲಿ ಮುಚ್ಚಿತು. ಗಾಡಿ ಇನ್ನೂ ಓಡುತ್ತಿದೆ.

1974ರಲ್ಲಿ ಅಭಯಾರಣ್ಯವೆಂದು ಘೋಷಿತವಾದ ಕೃಷ್ಣಮೃಗಗಳ ಕುರುಚಲು ಬಯಲು ರಾಣೆಬೆನ್ನೂರಿನ ಬದಿಯಲ್ಲೇ ಇದೆ. ಅದನ್ನು ಇನ್ನೊಂದು ದಿನಕ್ಕೆಂದು ಬಿಟ್ಟು, ಪುಣೆ–ಬೆಂಗಳೂರು ಹೆದ್ದಾರಿಯಲ್ಲಿ ಉತ್ತರಕ್ಕೆ ನಡೆದೆವು. ಎಳೆಬಿಸಿಲಿನಲ್ಲಿ ಹೊಲಗಳು ಹೊಳೆಯುತ್ತಿದ್ದವು. ಅಷ್ಟರಲ್ಲಿ ಮೋಟೆಬೆನ್ನೂರು ಬಂದಿತು. ಎಷ್ಟೋ ವರ್ಷ ಈ ಊರನ್ನು ನಾನು ಬ್ಯಾಡಗಿಯ ತಿರುವೆಂದಷ್ಟೇ ಬಲ್ಲವನಾಗಿದ್ದೆ. ಅಂದು ಗಾಡಿ ನಿಲ್ಲಿಸಿದೆ.

ಮೈಲಾರ ಮಹಾದೇವಪ್ಪನವರು 1911ರಲ್ಲಿ ಹುಟ್ಟಿದುದು ಇಲ್ಲಿ. 1930ರ ಮಾರ್ಚ್ 12ರಂದು ಗಾಂಧೀಜಿಯವರೊಡನೆ ಸಾಬರಮತಿಯಿಂದ ಹೊರಟ ಎಪ್ಪತ್ತೆಂಟು ಮಂದಿಯಲ್ಲಿ ಕರ್ನಾಟಕದವರು ಇವರೊಬ್ಬರೇ. ದಂಡಿಗೆ ಸುಮಾರು 385 ಕಿಲೋಮೀಟರು, ಇಪ್ಪತ್ನಾಲ್ಕು ದಿನಗಳ ಕಾಲ್ನಡಿಗೆ. ಆಗ ಅವರಿಗೆ ಹತ್ತೊಂಬತ್ತು ತುಂಬಿರಲಿಲ್ಲ.

“ನನ್ನಷ್ಟಽ ವಯಸ್ಸೇನು ಮಾಮಾ?” ಎಂದ ಹುಡುಗ. ನಾನು ತಲೆಯಾಡಿಸಿದೆ.

ಬ್ಯಾಡಗಿಯ ಪೇಟೆಯಲ್ಲಿ ಆಗ ಮೆಣಸಿನಕಾಯಿಯ ಸುಗ್ಗಿ. ಖಾರ ಕಡಿಮೆ, ಕೆಂಪು ಹೆಚ್ಚು ಎಂದು ಹೆಸರಾದ ಈ ಸುಕ್ಕುಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚನೆಯ ಮಾನ್ಯತೆ ದೊರೆತಿದೆ. ಚೀಲಗಳ ನಡುವೆ ಕೆಮ್ಮುತ್ತ ಚಹಾ ಕುಡಿದು ಹಾವೇರಿಗೆ ಬಂದೆವು. ಪಶ್ಚಿಮಕ್ಕೆ ಮುಖಮಾಡಿ ನಿಂತ ಚಾಲುಕ್ಯರ ಕಾಲದ ಸಿದ್ಧೇಶ್ವರ ದೇವಾಲಯವನ್ನು ಕಂಡು, ಮಹಾದೇವಪ್ಪನವರ ಸ್ಮಾರಕವಾದ ವೀರಸೌಧಕ್ಕೂ ಹೋಗಿ, ಹೊಸರಿತ್ತಿಯ ದಾರಿ ಹಿಡಿದೆವು.

ಅದು 1943. ಧಾರವಾಡ ಜಿಲ್ಲೆ ಆಗ ಮುಂಬಯಿ ಪ್ರಾಂತದಲ್ಲಿತ್ತು. ರೈತರಿಂದ ವಸೂಲಾದ ಕಂದಾಯದ ಹಣ ಹೊಸರಿತ್ತಿಯ ವೀರಭದ್ರ ದೇವಸ್ಥಾನದಲ್ಲಿತ್ತು. ಅದಕ್ಕೆ ಪೊಲೀಸರ ಕಾವಲು. ಏಪ್ರಿಲ್ 1ರಂದು ಅದನ್ನು ವಶಪಡಿಸಿಕೊಳ್ಳಲು ಹೋದ ತಂಡದ ಮೇಲೆ ಗುಂಡು ಹಾರಿತು. ಮಹಾದೇವಪ್ಪನವರೂ ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ ಎಂಬ ಸಂಗಡಿಗರೂ ಮಡಿದರು. ಇನ್ನೈದು ದಿನ ಕಳೆದಿದ್ದರೆ ದಂಡಿಯಲ್ಲಿ ಉಪ್ಪನ್ನೆತ್ತಿ ಹದಿಮೂರು ವರ್ಷ ತುಂಬುತ್ತಿತ್ತು.

ಉಪ್ಪಿನ ಯಾತ್ರಿಕರು ಖಜಾನೆಯ ಬಾಗಿಲಿಗೆ ಬಂದುದೇಕೆ? ಅಹಿಂಸೆಯ ಹಾದಿಯಿಂದ ಇದು ಎಷ್ಟು ದೂರ ಎಂದು ಕೇಳುವವರಿದ್ದಾರೆ; ಕೇಳತಕ್ಕ ಪ್ರಶ್ನೆಯೇ ಹೌದು. ಆದರೆ ಆ ಊರಿನಲ್ಲಿ ನಿಂತಾಗ ನನಗೆ ಕಂಡದ್ದು ಇಷ್ಟು: ಅಲ್ಲಿ ಉಪ್ಪಿನ ಕರ, ಇಲ್ಲಿ ಭೂಮಿಯ ಕಂದಾಯ. ಎರಡನ್ನೂ ತೆತ್ತವನು ಬಡವ. ಅದನ್ನು ಪಡೆಯುವ ಹಕ್ಕು ಪರಕೀಯ ಸರ್ಕಾರಕ್ಕಿಲ್ಲವೆಂಬ ಒಂದೇ ನಂಬಿಕೆ ಹದಿನೆಂಟರ ಹರೆಯದಲ್ಲಿ ಅವರನ್ನು ನಡೆಸಿತ್ತು, ಮೂವತ್ತೊಂದರಲ್ಲಿ ಇಲ್ಲಿಗೆ ತಂದಿತ್ತು. ಮಾರ್ಗ ಬದಲಾಗಿರಬಹುದು, ಪ್ರಶ್ನೆ ಬದಲಾಗಿರಲಿಲ್ಲ.

ಹಿಂದಿರುಗುವಾಗ ಗಾಡಿಯನ್ನು ಅಳಿಯನೇ ನಡೆಸಿದ. ಹೊತ್ತು ಮುಳುಗುವ ವೇಳೆಗೆ ಹೆದ್ದಾರಿ ಸೇರಿದೆವು. ಇಬ್ಬರೂ ಹೆಚ್ಚು ಮಾತಾಡಲಿಲ್ಲ. ಮೋಟೆಬೆನ್ನೂರು ಬಂದಾಗ, ನಾನು ಹೇಳದೆಯೇ, ಅವನು ವೇಗವನ್ನು ತಗ್ಗಿಸಿದ.