ಹೈಸ್ಕೂಲಿನ ಕಟ್ಟಡದಿಂದ ಪ್ರಯೋಗಾಲಯದವರೆಗೆ

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಏನಾದರೂ ಬರೆದುಕೊಡು ಎಂದು ನಮ್ಮ ವಿಜ್ಞಾನದ ಮೇಷ್ಟ್ರು ಫೋನ್ ಮಾಡಿದ್ದರು. "ನೆನಪು ಬರೆಯೋರು ಬೇಕಾದಷ್ಟು ಜನ ಇದ್ದಾರೆ ಕಣಪ್ಪ, ನೀನು ನಮ್ಮ ಮಕ್ಕಳಿಗೆ ಗೊತ್ತಿಲ್ಲದ್ದು ಒಂದು ಬರೆ" ಎಂದರು. ಆದ್ದರಿಂದ ಬೇರೊಂದು ದೇಶದ ಬೇರೊಂದು ಹೈಸ್ಕೂಲಿನಿಂದ ಶುರು ಮಾಡುತ್ತೇನೆ. ನಮ್ಮ ಶಾಲೆಗೆ ಈಗ ಐವತ್ತು ವರ್ಷ. ಈ ಕಥೆಗೆ ನೂರಿಪ್ಪತ್ತು ದಾಟಿದೆ.

ಅಮೆರಿಕದ ಶಿಕಾಗೋ ನಗರದಿಂದ ಸುಮಾರು ಅರವತ್ತು ಕಿಲೋಮೀಟರ್ ದೂರದಲ್ಲಿ ಜೋಲಿಯೆಟ್ ಎಂಬ ಊರಿದೆ. ಸುಣ್ಣಕಲ್ಲಿನ ಗಣಿ ಮತ್ತು ಉಕ್ಕಿನ ಕಾರ್ಖಾನೆಗಳ ಊರು. ಅಲ್ಲಿನ ಸಾರ್ವಜನಿಕ ಹೈಸ್ಕೂಲಿನ ಮುಖ್ಯಸ್ಥರಾಗಿದ್ದವರು ಜೆ. ಸ್ಟ್ಯಾನ್ಲಿ ಬ್ರೌನ್. ಓದು ಮುಂದುವರಿಸುವ ಆಸೆಯಿದ್ದೂ ಊರು ಬಿಟ್ಟು ಹೋಗಲಾಗದ ಮಕ್ಕಳಿಗಾಗಿ 1901ರಲ್ಲಿ ಅವರು ಅದೇ ಕಟ್ಟಡದಲ್ಲಿ ಕಾಲೇಜಿನ ಮೊದಲ ಎರಡು ವರ್ಷದ ಪಾಠ ಆರಂಭಿಸಿದರು. ಮೊದಲ ತಂಡದಲ್ಲಿದ್ದವರು ಆರು ಜನ. ಅಮೆರಿಕದ ಅತ್ಯಂತ ಹಳೆಯ ಸಾರ್ವಜನಿಕ ಸಮುದಾಯ ಕಾಲೇಜು ಎಂದು ಇಂದು ಹೆಸರಾಗಿರುವ ಜೋಲಿಯೆಟ್ ಜೂನಿಯರ್ ಕಾಲೇಜು ಹುಟ್ಟಿದ್ದು ಹೀಗೆ, ಒಂದು ಹೈಸ್ಕೂಲಿನ ಹೊಟ್ಟೆಯೊಳಗೆ.

ಬ್ರೌನ್ ಅವರ ಬೆನ್ನಿಗೆ ನಿಂತವರು ಶಿಕಾಗೋ ವಿಶ್ವವಿದ್ಯಾಲಯದ ಅಧ್ಯಕ್ಷ ವಿಲಿಯಂ ರೇನಿ ಹಾರ್ಪರ್. ಅವರ ಉದ್ದೇಶ ಬ್ರೌನ್ ಅವರದಷ್ಟು ಸರಳವಾಗಿರಲಿಲ್ಲ. ವಿಶ್ವವಿದ್ಯಾಲಯವೆಂದರೆ ಸಂಶೋಧನೆಯ ಜಾಗ, ಮೊದಲೆರಡು ವರ್ಷದ ಪಾಠ ಹೇಳುವ ಭಾರ ಅದರ ಮೇಲಿರಬಾರದು, ಆ ಕೆಲಸ ಬೇರೆಲ್ಲಾದರೂ ನಡೆಯಲಿ ಎಂಬುದು ಅವರ ವಿಚಾರ. ಬಡವರ ಮನೆ ಬಾಗಿಲಿಗೆ ಕಾಲೇಜು ತಂದ ಯೋಜನೆಯೇ ಕಲಿಕೆಗೂ ಸಂಶೋಧನೆಗೂ ನಡುವೆ ಒಂದು ಗೋಡೆಯನ್ನೂ ಎಬ್ಬಿಸಿತು. ಪಾಠ ಗೋಡೆಯ ಈ ಕಡೆ, ಪ್ರಯೋಗಾಲಯ ಆ ಕಡೆ. ಆ ಗೋಡೆಯಲ್ಲಿ ಬಾಗಿಲು ಕೊರೆದವರ ಕಥೆಯನ್ನೇ ನಾನು ಹೇಳಹೊರಟಿರುವುದು.

ಕ್ಯಾಲಿಫೋರ್ನಿಯಾ ರಾಜ್ಯ 1907ರಲ್ಲಿ ಕಾನೂನು ಮಾಡಿ ಹೈಸ್ಕೂಲುಗಳಿಗೆ ಇಂಥ ತರಗತಿ ನಡೆಸಲು ಅನುಮತಿ ಕೊಟ್ಟಿತು. ಮುಂದೆ ಅಲ್ಲಿ ಊರೂರಿಗೆ ಜೂನಿಯರ್ ಕಾಲೇಜುಗಳು ಎದ್ದವು. ಪ್ಯಾಸಡೀನಾ ಊರಿನ ಅಂಥದೊಂದು ಕಾಲೇಜಿಗೆ ಹೈಸ್ಕೂಲು ಮುಗಿಸಿ ಬಂದ ಹುಡುಗ ಬ್ರೂಸ್ ಮೆರಿಫೀಲ್ಡ್. ತಂದೆ ಪೀಠೋಪಕರಣ ಮಾರುವ ಕೆಲಸದಲ್ಲಿದ್ದರು. ಮನೆ ಊರಿಂದೂರಿಗೆ ಬದಲಾಗುತ್ತಲೇ ಇತ್ತು, ಹುಡುಗನ ಶಾಲೆಯೂ ಬದಲಾಗುತ್ತಲೇ ಇತ್ತು. ಪ್ಯಾಸಡೀನಾದಲ್ಲಿ ಎರಡು ವರ್ಷ ಓದಿ ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಕ್ಕೆ ವರ್ಗವಾಗಿ 1943ರಲ್ಲಿ ರಸಾಯನಶಾಸ್ತ್ರದ ಪದವಿ ಪಡೆದ. ಮುಂದೆ ನ್ಯೂಯಾರ್ಕಿನ ರಾಕ್‌ಫೆಲ್ಲರ್ ಸಂಸ್ಥೆಯಲ್ಲಿ ಪ್ರೋಟೀನಿನ ತುಣುಕುಗಳಾದ ಪೆಪ್ಟೈಡ್‌ಗಳನ್ನು ಕಟ್ಟುವ ಹೊಸ ದಾರಿ ಕಂಡುಹಿಡಿದ. ಅದಕ್ಕೆ ಮೊದಲು ಒಂದೊಂದು ಅಮೈನೋ ಆಮ್ಲ ಸೇರಿಸಿದ ಮೇಲೂ ಸಿಕ್ಕಿದ್ದನ್ನೆಲ್ಲ ಮತ್ತೆ ಶುದ್ಧಿ ಮಾಡಬೇಕಿತ್ತು. ಒಂದು ಸರ ಕಟ್ಟಲು ತಿಂಗಳುಗಟ್ಟಲೆ ಹಿಡಿಯುತ್ತಿತ್ತು. ಮೆರಿಫೀಲ್ಡ್ ಸರದ ಒಂದು ತುದಿಯನ್ನು ಸಣ್ಣ ಪ್ಲಾಸ್ಟಿಕ್ ಮಣಿಗೆ ಅಂಟಿಸಿಬಿಟ್ಟರು. ಹೂ ಕಟ್ಟುವವರು ದಾರದ ತುದಿಯನ್ನು ಕಾಲ್ಬೆರಳಿಗೆ ಸಿಕ್ಕಿಸಿಕೊಳ್ಳುತ್ತಾರಲ್ಲ, ಹಾಗೆ. ಸರ ಮಣಿಗೆ ಅಂಟಿಕೊಂಡೇ ಇರುತ್ತದೆ, ಬೇಡವಾದದ್ದನ್ನು ತೊಳೆದು ಚೆಲ್ಲಿದರಾಯಿತು. 1963ರಲ್ಲಿ ಪ್ರಕಟವಾದ ಈ ವಿಧಾನಕ್ಕೆ 1984ರ ರಸಾಯನಶಾಸ್ತ್ರದ ನೊಬೆಲ್ ಬಹುಮಾನ ಬಂತು. ಇಂದಿಗೂ ಪೆಪ್ಟೈಡ್ ಔಷಧಗಳ ತಯಾರಿಕೆಯಲ್ಲಿ ಇದೇ ಉಪಾಯ ಬಳಕೆಯಲ್ಲಿದೆ.

ಮೆರಿಫೀಲ್ಡ್ ಒಬ್ಬರೇ ಅಲ್ಲ. ವಿಯೆಟ್ನಾಂ ಯುದ್ಧದಲ್ಲಿ ನೌಕಾಪಡೆಯ ಆಸ್ಪತ್ರೆಯಲ್ಲಿ ದುಡಿದು ಬಂದ ಕ್ರೇಗ್ ವೆಂಟರ್ ಓದಿಗೆ ಮರಳಿದ್ದು ಸ್ಯಾನ್ ಮಟೇಯೋ ಊರಿನ ಸಮುದಾಯ ಕಾಲೇಜಿನ ಮೂಲಕ. 2000ನೇ ಇಸವಿಯಲ್ಲಿ ಮಾನವ ಜೀನೋಮಿನ ಕರಡು ಸಿದ್ಧವಾಯಿತೆಂದು ಶ್ವೇತಭವನದಲ್ಲಿ ಘೋಷಿಸಿದಾಗ ಅವರು ಆ ವೇದಿಕೆಯಲ್ಲಿದ್ದರು. ಆಲ್ಫ್ರೆಡೋ ಕಿನ್ಯೋನೆಸ್ ಇನೊಹೊಸಾ 1987ರಲ್ಲಿ ಮೆಕ್ಸಿಕೋ ಗಡಿಯ ಬೇಲಿ ಹಾರಿ ಬಂದು ಹೊಲಗಳಲ್ಲಿ ಕೂಲಿ ಮಾಡಿದವರು. ಸ್ಟಾಕ್‌ಟನ್ ಊರಿನ ಸಮುದಾಯ ಕಾಲೇಜಿನಲ್ಲಿ ಓದಿ, ಅಲ್ಲಿಂದ ಬರ್ಕ್ಲಿಗೆ, ಅಲ್ಲಿಂದ ಹಾರ್ವರ್ಡ್ ವೈದ್ಯಕೀಯ ಕಾಲೇಜಿಗೆ ಹೋದರು. ಈಗ ಮಿದುಳಿನ ಗಡ್ಡೆಗಳ ಮೇಲೆ ಸಂಶೋಧನೆ ಮಾಡುವ ಹೆಸರಾಂತ ಶಸ್ತ್ರಚಿಕಿತ್ಸಕರು.

ಇಂಥ ಹೆಸರುಗಳನ್ನು ಓದಿದಾಗ ಮೊದಲು ನನಗೂ ರೋಮಾಂಚನವಾಗುತ್ತಿತ್ತು. ಈಗ ಸ್ವಲ್ಪ ಅನುಮಾನ ಬರುತ್ತದೆ. ಗೋಡೆ ಹಾರಿದವರ ಹೆಸರು ನಮಗೆ ಗೊತ್ತು, ಈ ಕಡೆ ಉಳಿದವರ ಲೆಕ್ಕ ಯಾರಿಟ್ಟರು?

ಲೆಕ್ಕ ಇಟ್ಟವರು ಇದ್ದಾರೆ. ಎರಡನೇ ಮಹಾಯುದ್ಧದ ನಂತರ ಸೈನಿಕರ ಓದಿಗೆ ಸರ್ಕಾರ ಹಣ ಕೊಟ್ಟಿತು. 1947ರಲ್ಲಿ ಅಧ್ಯಕ್ಷ ಟ್ರೂಮನ್ ನೇಮಿಸಿದ್ದ ಆಯೋಗ ದೇಶದ ತುಂಬ ಸಮುದಾಯ ಕಾಲೇಜುಗಳು ಬರಲಿ ಎಂದಿತು. 1960ರಲ್ಲಿ ಕ್ಯಾಲಿಫೋರ್ನಿಯಾ ತನ್ನ ಮಹಾಯೋಜನೆ ರೂಪಿಸಿತು. ಹೈಸ್ಕೂಲು ಮುಗಿಸಿದವರಲ್ಲಿ ಮೇಲಿನ 12.5 ಶೇಕಡಾ ಮಕ್ಕಳಿಗೆ ಸಂಶೋಧನಾ ವಿಶ್ವವಿದ್ಯಾಲಯ, ಮೇಲಿನ ಮೂರನೇ ಒಂದು ಭಾಗಕ್ಕೆ ರಾಜ್ಯ ಕಾಲೇಜು, ಉಳಿದ ಎಲ್ಲರಿಗೂ ಸಮುದಾಯ ಕಾಲೇಜು. ಎರಡು ವರ್ಷ ಚೆನ್ನಾಗಿ ಓದಿದವರು ಮೂರನೇ ವರ್ಷಕ್ಕೆ ವಿಶ್ವವಿದ್ಯಾಲಯಕ್ಕೆ ಬರಬಹುದು, ಅವರಿಗೆ ಜಾಗ ಇರಲೆಂದೇ ಮೇಲಿನ ಎರಡು ವರ್ಷದ ತರಗತಿಗಳಲ್ಲಿ ಹೆಚ್ಚು ಸೀಟು ಇಡಬೇಕು ಎಂದೂ ಅದರಲ್ಲಿತ್ತು. ಕಾಗದದ ಮೇಲೆ ಇದಕ್ಕಿಂತ ನ್ಯಾಯವಾದ ಏರ್ಪಾಟು ನಾನು ಕಂಡಿಲ್ಲ.

ಆದರೆ ಅದೇ 1960ರಲ್ಲಿ ಬರ್ಟನ್ ಕ್ಲಾರ್ಕ್ ಎಂಬ ಸಮಾಜಶಾಸ್ತ್ರಜ್ಞ ಸ್ಯಾನ್ ಹೊಸೆಯ ಜೂನಿಯರ್ ಕಾಲೇಜನ್ನು ಹತ್ತಿರದಿಂದ ನೋಡಿ ಬರೆದದ್ದು ಬೇರೆಯೇ ಇದೆ. ಅಲ್ಲಿ ಯಾರನ್ನೂ ಹೊರಗೆ ಹಾಕುತ್ತಿರಲಿಲ್ಲ. ಪರೀಕ್ಷೆ, ಸಲಹೆ, ಮತ್ತೊಂದು ಸಲಹೆ, ಹೀಗೆ ಮೆಲ್ಲಗೆ ಹುಡುಗನ ಆಸೆಯನ್ನೇ ಇಳಿಸಿ ಸಣ್ಣ ಕೋರ್ಸಿಗೆ ತಿರುಗಿಸುತ್ತಿದ್ದರು. ಆರಿಸಿಬಿಡುವುದು, ತಣ್ಣಗಾಗಿಸುವುದು ಎಂಬರ್ಥದ ಮಾತನ್ನು ಕ್ಲಾರ್ಕ್ ಅದಕ್ಕೆ ಬಳಸಿದರು. ಕಂಪನಿ ಕೆಲಸದ ಮೇಲೆ ನಾನು ಅದೇ ಸ್ಯಾನ್ ಹೊಸೆಯಲ್ಲಿ ಎರಡು ವರ್ಷ ಇದ್ದೆ. ಇದನ್ನು ಓದುವಾಗ, ಎಸ್ಸೆಸ್ಸೆಲ್ಸಿ ಆದ ಮೇಲೆ "ನಿನಗೆ ಇಷ್ಟು ಸಾಕು ಬಿಡಪ್ಪ" ಎಂದು ಪ್ರೀತಿಯಿಂದಲೇ ಹೇಳಿದ್ದ ಎಷ್ಟೋ ಹಿರಿಯರು ನೆನಪಾದರು.

ಇತ್ತೀಚಿನ ಲೆಕ್ಕವೂ ಅಂಥ ಸುಖದ್ದಲ್ಲ. ಅಮೆರಿಕದಲ್ಲಿ ಈಗ ಸುಮಾರು ಸಾವಿರ ಸಮುದಾಯ ಕಾಲೇಜುಗಳಿವೆ. ಅಲ್ಲಿಗೆ ಸೇರುವ ನೂರು ಜನರಲ್ಲಿ ಸುಮಾರು ಎಂಬತ್ತು ಜನರಿಗೆ ಮುಂದೆ ಪದವಿ ಪಡೆಯುವ ಆಸೆ ಇರುತ್ತದೆ. ವಿಶ್ವವಿದ್ಯಾಲಯಕ್ಕೆ ದಾಟುವವರು ಸುಮಾರು ಮೂರನೇ ಒಂದು ಭಾಗ. ಆರು ವರ್ಷದಲ್ಲಿ ಪದವಿ ಕೈಗೆ ಬರುವುದು ಸುಮಾರು ಹದಿನಾರು ಜನರಿಗೆ. ಆಫ್ರಿಕನ್ ಅಮೆರಿಕನ್ನರು, ಮೆಕ್ಸಿಕೋ ಮೂಲದ ಕೂಲಿಕಾರರ ಮಕ್ಕಳು, ಮೂಲನಿವಾಸಿಗಳು, ಮನೆಯಲ್ಲಿ ಮೊದಲ ಬಾರಿಗೆ ಕಾಲೇಜು ಮೆಟ್ಟಿಲು ಹತ್ತಿದವರು ಹೆಚ್ಚಾಗಿ ಇಂಥ ಕಾಲೇಜುಗಳನ್ನೇ ನಂಬಿಕೊಂಡಿರುವುದರಿಂದ, ವಿಜ್ಞಾನಿಗಳ ಸಾಲಿನಲ್ಲಿ ಅವರ ಮುಖ ಅಪರೂಪವಾಯಿತು.

ಎಲ್ಲಿ ಸೋರಿಹೋಗುತ್ತಾರೆ? ಒಂದು, ಓದಿದ ವಿಷಯಗಳು ಲೆಕ್ಕಕ್ಕೆ ಬರುವುದಿಲ್ಲ. ಕಾಲೇಜು ಬದಲಿಸುವವರು ಸರಾಸರಿ 43 ಶೇಕಡಾ ಕ್ರೆಡಿಟ್ ಕಳೆದುಕೊಳ್ಳುತ್ತಾರೆಂದು ಅಲ್ಲಿನ ಸರ್ಕಾರಿ ಲೆಕ್ಕಪರಿಶೋಧನಾ ಕಚೇರಿಯೇ 2017ರಲ್ಲಿ ಅಂದಾಜು ಮಾಡಿತು. ಕಲೆಯ ವಿಷಯದಲ್ಲಿ ಇದನ್ನು ಹೇಗೋ ಸರಿದೂಗಿಸಬಹುದು. ವಿಜ್ಞಾನದಲ್ಲಿ ಹಾಗಲ್ಲ. ಒಂದು ಗಣಿತದ ಪೇಪರ್ ಬಿಟ್ಟುಹೋದರೆ ಅದನ್ನು ನಂಬಿದ ಭೌತಶಾಸ್ತ್ರ ನಿಲ್ಲುತ್ತದೆ, ಅದನ್ನು ನಂಬಿದ ಇನ್ನೊಂದು ನಿಲ್ಲುತ್ತದೆ, ಒಂದು ವರ್ಷವೇ ಹೋಗುತ್ತದೆ. ಎರಡನೆಯದು ಹಣ. ಬೇಸಿಗೆ ರಜೆಯಲ್ಲಿ ಉಳ್ಳವರ ಮಕ್ಕಳು ಪ್ರೊಫೆಸರರ ಲ್ಯಾಬಿನಲ್ಲಿ ಬಿಟ್ಟಿ ಕೆಲಸ ಮಾಡಿ ಅನುಭವ ಪಡೆಯುತ್ತಾರೆ. ಇವರು ಹೋಟೆಲಿನಲ್ಲೋ ಹೊಲದಲ್ಲೋ ದುಡಿದು ಮುಂದಿನ ವರ್ಷದ ಬಾಡಿಗೆ ಜೋಡಿಸಬೇಕು. ಮೂರನೆಯದನ್ನು ಹೇಳುವುದು ಕಷ್ಟ. ಲ್ಯಾಬ್ ಅನ್ನುವುದೊಂದಿದೆ, ಪ್ರೊಫೆಸರಿಗೆ ಪತ್ರ ಬರೆದು ಕೇಳಿದರೆ ಸೇರಿಸಿಕೊಳ್ಳುತ್ತಾರೆ ಎಂಬುದೇ ಇವರಿಗೆ ಗೊತ್ತಿರುವುದಿಲ್ಲ.

1990ರ ದಶಕದ ಆರಂಭದಲ್ಲಿ ಸರ್ಕಾರಿ ಸಂಸ್ಥೆಗಳು ಈ ಮೂರಕ್ಕೂ ಕೈಹಾಕಿದವು. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳು, ಅಂದರೆ ಎನ್‌ಐಎಚ್, ಸಮುದಾಯ ಕಾಲೇಜಿನಿಂದ ಪದವಿಗೆ ಸೇತುವೆ ಎಂಬ ಅನುದಾನ ಶುರು ಮಾಡಿತು. ನಿಯಮ ಸರಳ. ಒಂದು ವಿಶ್ವವಿದ್ಯಾಲಯ, ಅಕ್ಕಪಕ್ಕದ ಕೆಲವು ಸಮುದಾಯ ಕಾಲೇಜುಗಳು ಜೊತೆಯಾಗಿ ಅರ್ಜಿ ಹಾಕಬೇಕು. ಇನ್ನೂ ಸಮುದಾಯ ಕಾಲೇಜಿನಲ್ಲಿರುವಾಗಲೇ ವಿದ್ಯಾರ್ಥಿಯನ್ನು ಬೇಸಿಗೆಯಲ್ಲಿ ವಿಶ್ವವಿದ್ಯಾಲಯದ ಲ್ಯಾಬಿಗೆ ಕರೆಸಬೇಕು. ಆ ವಾರಗಳಿಗೆ ಭತ್ಯೆ ಕೊಡಬೇಕು. ಸಾಂತಾ ಕ್ರೂಜ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ಹೀಗೆ ಸಾಲಿನಾಸ್ ಕಣಿವೆಯ ಹಾರ್ಟ್‌ನೆಲ್ ಕಾಲೇಜಿನಂಥ ಕಡೆಗಳಿಂದ ವಿದ್ಯಾರ್ಥಿಗಳನ್ನು ಕರೆಸಿಕೊಂಡಿತು. ಸಾಲಿನಾಸ್ ಎಂದರೆ ಲೆಟ್ಯೂಸ್ ಸೊಪ್ಪು, ಸ್ಟ್ರಾಬೆರಿ ಬೆಳೆಯುವ, ಬಗ್ಗಿ ಕೊಯ್ಯುವ ಕೂಲಿಗಳ ನಾಡು.

ನನ್ನ ತಂಡದಲ್ಲಿ ಅಂಥದೇ ದಾರಿಯಲ್ಲಿ ಬಂದ ಸಹೋದ್ಯೋಗಿಯೊಬ್ಬರಿದ್ದರು. ಜೀವಶಾಸ್ತ್ರ ಓದಿ, ಆಮೇಲೆ ಜೀನೋಮಿನ ದತ್ತಾಂಶದ ಕೆಲಸಕ್ಕೆ ಬಂದವರು. ಮೊದಲ ಬೇಸಿಗೆ ಏನು ಕಲಿತಿರಿ ಎಂದು ಕೇಳಿದೆ. "ಪಿಪೆಟ್ ಹಿಡಿಯುವುದು ಒಂದು ದಿನದಲ್ಲಿ ಬಂತು. ಪ್ರಯೋಗ ಕೆಟ್ಟರೆ ಯಾರೂ ಬೈಯುವುದಿಲ್ಲ ಎಂದು ತಿಳಿಯಲು ಒಂದು ತಿಂಗಳು ಬೇಕಾಯಿತು" ಎಂದರು. ಭತ್ಯೆಯ ಮೊದಲ ಚೆಕ್ ತೋರಿಸಿದ ಮೇಲಷ್ಟೇ ಅವರ ತಾಯಿಗೆ ಇದು ನಿಜವಾದ ಕೆಲಸ ಎಂಬ ನಂಬಿಕೆ ಬಂತಂತೆ.

ದಾಟಿದ ಮೇಲೂ ಒಂದು ಕಂಟಕ ಇದೆ. ಹೊಸ ವಿಶ್ವವಿದ್ಯಾಲಯದ ಮೊದಲ ಸೆಮಿಸ್ಟರಿನಲ್ಲಿ ಇಂಥವರ ಅಂಕ ಧಡಕ್ಕನೆ ಬೀಳುತ್ತದೆ. ಜಾನ್ ಹಿಲ್ಸ್ ಎಂಬವರು 1965ರಲ್ಲೇ ಇದನ್ನು ವರ್ಗಾವಣೆಯ ಆಘಾತ ಎಂದು ಕರೆದರು. ಬಹುಪಾಲು ಜನ ಮುಂದೆ ಚೇತರಿಸಿಕೊಳ್ಳುತ್ತಾರೆ. ಇದನ್ನು ನನಗೆ ಪುಸ್ತಕ ಓದಿ ತಿಳಿಯಬೇಕಾಗಿರಲಿಲ್ಲ. ನಾನು ಈ ಶಾಲೆಯಿಂದ ಪಾಲಿಟೆಕ್ನಿಕ್‌ಗೆ ಹೋಗಿ, ಡಿಪ್ಲೊಮಾ ಮುಗಿಸಿ, ಡಿಸಿಇಟಿ ಬರೆದು ನೇರ ಎರಡನೇ ವರ್ಷದ ಬಿಇಗೆ ಸೇರಿದವನು. ಸಿಇಟಿಯಲ್ಲಿ ಬಂದವರ ನಡುವೆ ನಾವು 'ಲ್ಯಾಟರಲ್'ಗಳು. ಅವರ ಗಣಿತದ ಜೊತೆಗೆ ನಮಗೆ 'ಮ್ಯಾಟ್‌ಡಿಪ್' ಎಂಬ ಹೆಚ್ಚುವರಿ ಗಣಿತದ ಪೇಪರ್ ಇರುತ್ತಿತ್ತು. ಮೂರನೇ ಸೆಮಿಸ್ಟರಿನ ಫಲಿತಾಂಶವನ್ನು ಮನೆಯಲ್ಲಿ ಹೇಳಲು ನನಗೆ ಒಂದು ವಾರ ಹಿಡಿಯಿತು. ಇದು ಎಲ್ಲರಿಗೂ ಆಗುತ್ತದೆ, ಇದಕ್ಕೊಂದು ಹೆಸರಿದೆ ಎಂದು ಆಗ ಯಾರಾದರೂ ಹೇಳಿದ್ದರೆ ಎಷ್ಟೋ ಸಮಾಧಾನ ಇರುತ್ತಿತ್ತು.

ಲ್ಯಾಬಿಗೆ ವಿದ್ಯಾರ್ಥಿ ಹೋಗುವ ಬದಲು ಸಂಶೋಧನೆಯೇ ತರಗತಿಗೆ ಬಂದರೆ? 2008ರಲ್ಲಿ ಹವರ್ಡ್ ಹ್ಯೂಸ್ ವೈದ್ಯಕೀಯ ಸಂಸ್ಥೆಯ ನೆರವಿನಿಂದ ಆರಂಭವಾದ ಕಾರ್ಯಕ್ರಮವೊಂದರಲ್ಲಿ ಮೊದಲ ವರ್ಷದ ವಿದ್ಯಾರ್ಥಿಗಳು ತಮ್ಮ ಸುತ್ತಲಿನ ಮಣ್ಣು ತಂದು, ಅದರಿಂದ ಬ್ಯಾಕ್ಟೀರಿಯಾಗಳನ್ನು ಕೊಲ್ಲುವ ವೈರಸ್‌ಗಳನ್ನು ಬೇರ್ಪಡಿಸುತ್ತಾರೆ. ಸಿಕ್ಕ ವೈರಸ್‌ಗೆ ಹೆಸರಿಡುವವರೂ ಅವರೇ. ಸಮುದಾಯ ಕಾಲೇಜುಗಳೂ ಇದರಲ್ಲಿವೆ. ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಗ್ರಹಾಂ ಹ್ಯಾಟ್‌ಫುಲ್ ಅವರ ಬಳಿ ಇಂಥ ವೈರಸ್‌ಗಳ ದೊಡ್ಡ ಸಂಗ್ರಹವೇ ಇದೆ. ಯಾವ ಔಷಧಕ್ಕೂ ಬಗ್ಗದ ಸೋಂಕಿನಿಂದ ನರಳುತ್ತಿದ್ದ ಬ್ರಿಟನ್ನಿನ ಹದಿನೈದರ ಹುಡುಗಿಗೆ ಆ ಸಂಗ್ರಹದಿಂದ ಆರಿಸಿದ ಮೂರು ವೈರಸ್‌ಗಳನ್ನು ಕೊಟ್ಟಾಗ ಅವಳು ಗಮನಾರ್ಹವಾಗಿ ಚೇತರಿಸಿಕೊಂಡ ವರದಿ 2019ರಲ್ಲಿ ಪ್ರಕಟವಾಯಿತು. ಮೂರರಲ್ಲಿ ಒಂದು ದಕ್ಷಿಣ ಆಫ್ರಿಕಾದ ಡರ್ಬನ್‌ನಲ್ಲಿ ಕೊಳೆತ ಬದನೆಕಾಯಿಯ ಅಡಿಯಲ್ಲಿ ಸಿಕ್ಕಿದ್ದು. ಬದನೆಕಾಯಿ ನಮ್ಮ ಹಿತ್ತಿಲಲ್ಲೂ ಕೊಳೆಯುತ್ತದೆ ಎಂಬುದನ್ನು ನಮ್ಮ ಹತ್ತನೇ ತರಗತಿಯವರು ಗಮನಿಸಬೇಕು.

ಈ ಸೇತುವೆಗಳು ಗಟ್ಟಿಯಾಗಿ ನಿಂತಿವೆ ಎಂದು ಹೇಳುವ ಹಾಗಿಲ್ಲ. ಹಿಂದುಳಿದವರಿಗೆಂದೇ ಇದ್ದ ಇಂಥ ತರಬೇತಿ ಅನುದಾನಗಳಲ್ಲಿ ಹಲವನ್ನು ಎನ್‌ಐಎಚ್ 2025ರಲ್ಲಿ ನಿಲ್ಲಿಸಿತು. ಮೂವತ್ತು ವರ್ಷ ನಡೆದದ್ದು ಒಂದೇ ವರ್ಷದಲ್ಲಿ ನಿಂತೀತೆಂದು ನಾನು ಎಣಿಸಿರಲಿಲ್ಲ.

ನಮ್ಮಲ್ಲಿ ಬಾಗಿಲೇ ಇಲ್ಲವೇ ಎಂದರೆ, ಇದೆ. ಸರ್ ಸಿ.ವಿ. ರಾಮನ್ 1934ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಭಾರತೀಯ ವಿಜ್ಞಾನ ಅಕಾಡೆಮಿ, ದೇಶದ ಇನ್ನೆರಡು ಅಕಾಡೆಮಿಗಳೊಡನೆ ಸೇರಿ ಬೇಸಿಗೆ ಸಂಶೋಧನಾ ಫೆಲೋಶಿಪ್ ನಡೆಸುತ್ತದೆ. ಕಾಲೇಜು ವಿದ್ಯಾರ್ಥಿಗಳಿಗೆ ಎರಡು ತಿಂಗಳು ವಿಜ್ಞಾನಿಯೊಬ್ಬರ ಜೊತೆ ಕೆಲಸ, ಭತ್ಯೆ, ಪ್ರಯಾಣದ ಖರ್ಚು. ಕಾಲೇಜು ಅಧ್ಯಾಪಕರೂ ಅರ್ಜಿ ಹಾಕಬಹುದು. ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರವೂ ಇಂಥದೇ ಒಂದನ್ನು ನಡೆಸುತ್ತದೆ. ನಾನು ಓದಿದ ಕಾಲೇಜಿನ ನೋಟಿಸ್ ಬೋರ್ಡಿನಲ್ಲಿ ಈ ಹೆಸರು ನಾನು ನೋಡಲಿಲ್ಲ. ಕಿವಿಗೆ ಬಿದ್ದದ್ದು ಬಿಇ ಮುಗಿದು ಆರು ವರ್ಷದ ಮೇಲೆ, ಕೆಲಸಕ್ಕೆ ಸಂದರ್ಶನಕ್ಕೆ ಬಂದ ಹುಡುಗನೊಬ್ಬನ ಬಯೋಡೇಟಾದಲ್ಲಿ.

ಇದನ್ನೆಲ್ಲ ಮೇಷ್ಟ್ರಿಗೆ ಹೇಳಿದಾಗ ಮೊದಲು ಕೇಳಿದ್ದು, "ಅರ್ಜಿ ಯಾವಾಗ ಕರೀತಾರೆ?" ಸಾಮಾನ್ಯವಾಗಿ ವರ್ಷದ ಕೊನೆಯ ತಿಂಗಳುಗಳಲ್ಲಿ ಎಂದೆ. "ನಮ್ಮ ಶಾಲೇಲಿ ಓದಿದ ಮೂರು ಹೆಣ್ಮಕ್ಕಳು ಈಗ ಬಿಎಸ್ಸಿ ಮಾಡ್ತಿದ್ದಾರೆ. ನಂಬರ್ ಕಳಿಸ್ತೀನಿ, ನೀನೇ ಮಾತಾಡು" ಎಂದರು. ಇಬ್ಬರ ಜೊತೆ ಮಾತಾಡಿದ್ದೇನೆ. ಮೂರನೆಯವಳು ಸಿಕ್ಕಿಲ್ಲ. ರಜೆಯಲ್ಲಿ ಗಾರ್ಮೆಂಟ್ಸ್‌ಗೆ ಹೋಗುತ್ತಿದ್ದಾಳೆ, ರಾತ್ರಿ ಎಂಟರ ಮೇಲೆ ಮಾಡಿ ಎಂದು ಅವರಮ್ಮ ಹೇಳಿದ್ದಾರೆ.