ಹಗೇವಿನ ಕಂದೀಲು ಮತ್ತು ಸತುವಿನ ಆಕ್ಸೈಡ್

ಕಲಬುರಗಿ: ಆಳಂದ, ಅಫಜಲಪುರ ಹಾಗೂ ಜೇವರ್ಗಿ ಸೀಮೆಯಲ್ಲಿ ಜೋಳವನ್ನು ನೆಲದಡಿಯ ಹಗೇವಿನಲ್ಲಿ ಕೂಡಿಡುವ ಪದ್ಧತಿ ಬಹು ಹಳೆಯದು. ಹಗೇವಿನ ಬಾಯಿ ತೆರೆದೊಡನೆ ಯಾರೂ ಕೆಳಗಿಳಿಯಬಾರದು. ಗಾಳಿಯಾಡಲು ಬಿಟ್ಟು, ಹಗ್ಗಕ್ಕೆ ಕಟ್ಟಿದ ಕಂದೀಲನ್ನು ಇಳಿಬಿಟ್ಟು, ಅದು ಆರದಿದ್ದರೆ ಮಾತ್ರ ಆಳು ಇಳಿಯಬೇಕು ಎಂಬುದು ಹಿರಿಯರು ಹಾಕಿಕೊಟ್ಟ ಕ್ರಮ. ಮುಚ್ಚಿದ ಹಗೇವಿನಲ್ಲಿ ಕಾಳು, ಹುಳು, ಬೂಷ್ಟುಗಳು ಉಸಿರಾಡಿ ಆಮ್ಲಜನಕವನ್ನು ತೀರಿಸುತ್ತವೆ, ಇಂಗಾಲದ ಡೈ ಆಕ್ಸೈಡ್ ತುಂಬಿಕೊಳ್ಳುತ್ತದೆ.

ಇಂದು ಈ ಭಾಗದಲ್ಲಿ ಬೇರೆ ಬಗೆಯ ಗುಂಡಿಗಳೂ ಇವೆ. ಆಳಂದ ತಾಲ್ಲೂಕಿನ ಭೂಸನೂರ, ಅಫಜಲಪುರ ತಾಲ್ಲೂಕಿನ ಹವಳಗಾ, ಅವಿಭಜಿತ ಜೇವರ್ಗಿ ತಾಲ್ಲೂಕಿನ ಮಳ್ಳಿ-ನಾಗರಹಳ್ಳಿಗಳಲ್ಲಿ ಸಕ್ಕರೆ ಕಾರ್ಖಾನೆಗಳು ತಲೆಯೆತ್ತಿವೆ. ಕಾಕಂಬಿ ಹುದುಗುವೆಡೆ ಎಥನಾಲ್ ಆವಿ ಏಳುವುದು ಸಹಜ. ಕೊಳೆತ ತ್ಯಾಜ್ಯನೀರು ನಿಂತಲ್ಲಿ ಮಿಥೇನ್ ಮತ್ತು ಹೈಡ್ರೋಜನ್ ಸಲ್ಫೈಡ್ ಹುಟ್ಟುತ್ತವೆ. ಇಲ್ಲಿ ಉರಿಯುವ ಕಂದೀಲು ಇಳಿಬಿಡುವುದು ಆತ್ಮಹತ್ಯೆಗೆ ಸಮಾನ: ಗಾಳಿಯಲ್ಲಿ ಮಿಥೇನ್ ಸುಮಾರು ಶೇ. 5, ಎಥನಾಲ್ ಆವಿ ಸುಮಾರು ಶೇ. 3.3 ತಲುಪಿದರೆ ಕಿಡಿಯೊಂದೇ ಸಾಕು. ಅನಿಲವನ್ನು ಬೆಂಕಿಯಿಲ್ಲದೆ ಗುರುತಿಸುವ ಸಂವೇದಕಗಳ ಅಗತ್ಯ ಇಲ್ಲಿಯೇ ಉದ್ಭವಿಸುತ್ತದೆ. ಅವುಗಳಿಗಾಗಿ ಅತಿ ಹೆಚ್ಚು ಅಭ್ಯಸಿಸಲ್ಪಟ್ಟ ವಸ್ತುಗಳಲ್ಲಿ ಸತುವಿನ ಆಕ್ಸೈಡ್ ಒಂದು.

ಗಾಯಕ್ಕೆ ಹಚ್ಚುವ ಮುಲಾಮಿನಲ್ಲಿಯೂ ಇರುವ ಈ ಬಿಳಿಯ ಪುಡಿ ಒಂದು ಅರೆವಾಹಕ. 1962ರಲ್ಲಿ ಜಪಾನಿನ ಸೆಯಾಮಾ ಮತ್ತು ಸಂಗಡಿಗರು ಇದರ ತೆಳುಪದರದಿಂದ ಅನಿಲವನ್ನು ಗುರುತಿಸಬಹುದೆಂದು ತೋರಿಸಿದರು. ಪದರವನ್ನು ಸುಮಾರು 200ರಿಂದ 400 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದಾಗ ಗಾಳಿಯ ಆಮ್ಲಜನಕ ಅದರ ಮೇಲ್ಮೈಗೆ ಅಂಟಿಕೊಂಡು ಎಲೆಕ್ಟ್ರಾನುಗಳನ್ನು ಸೆಳೆದಿಟ್ಟುಕೊಳ್ಳುತ್ತದೆ. ವಿದ್ಯುತ್ ರೋಧ ಏರುತ್ತದೆ. ಎಥನಾಲ್ ಅಥವಾ ಕಾರ್ಬನ್ ಮಾನಾಕ್ಸೈಡ್ ಬಂದಾಗ ಅಂಟಿದ ಆಮ್ಲಜನಕದೊಡನೆ ವರ್ತಿಸಿ ಎಲೆಕ್ಟ್ರಾನುಗಳನ್ನು ಮರಳಿಸುತ್ತದೆ, ರೋಧ ಇಳಿಯುತ್ತದೆ. ಆ ಇಳಿತವೇ ಅನಿಲದ ಅಳತೆ.

ಈ ವ್ಯವಹಾರವೆಲ್ಲ ನಡೆಯುವುದು ಮೇಲ್ಮೈಯಿಂದ ಕೆಲವು ನ್ಯಾನೋಮೀಟರುಗಳಷ್ಟು ಆಳದಲ್ಲಿ ಮಾತ್ರ. ದಪ್ಪ ಕಣದ ಒಡಲಿಗೆ ಹೊರಗೆ ಅನಿಲ ಬಂದ ಸುದ್ದಿಯೇ ಮುಟ್ಟುವುದಿಲ್ಲ. ಆದುದರಿಂದಲೇ ರಂಧ್ರಗಳಿಗೆ ಇಷ್ಟು ಮಹತ್ವ. ಗೋಡೆಗಳು ತೆಳುವಾದಷ್ಟೂ ವಸ್ತುವಿನ ಹೆಚ್ಚು ಪಾಲು ಅನಿಲಕ್ಕೆ ಸ್ಪಂದಿಸುತ್ತದೆ. ಆದರೆ ರಂಧ್ರಗಳು ತೀರ ಕಿರಿದಾದರೆ ಅನಿಲ ಒಳಸೇರಲು ತಡವಾಗುತ್ತದೆ. ದೊಡ್ಡ ಓಣಿ, ಸಣ್ಣ ಸಂದಿ ಎರಡೂ ಬೇಕು.

ಇಂತಹ ರಚನೆಗೆ ಕರ್ನಾಟಕದ ಕೊಡುಗೆ ಸಣ್ಣದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಕೆ.ಸಿ. ಪಾಟೀಲ ಮತ್ತು ಅವರ ವಿದ್ಯಾರ್ಥಿಗಳು 1980ರ ದಶಕದಲ್ಲಿ ರೂಪಿಸಿದ ದ್ರಾವಣ ದಹನ ವಿಧಾನದಲ್ಲಿ ಲೋಹದ ನೈಟ್ರೇಟನ್ನು ಯೂರಿಯಾದಂತಹ ಇಂಧನದೊಡನೆ ಕರಗಿಸಿ ಬಿಸಿ ಕುಲುಮೆಗೆ ಇಡಲಾಗುತ್ತದೆ. ಮಿಶ್ರಣ ತಾನೇ ಹೊತ್ತಿಕೊಂಡು, ಅನಿಲಗಳು ಹೊರನುಗ್ಗುವ ರಭಸಕ್ಕೆ ಜೋಳದ ಅಳ್ಳಿನಂತೆ ಉಬ್ಬಿದ ಪುಡಿ ನಿಮಿಷಗಳಲ್ಲಿ ಸಿದ್ಧವಾಗುತ್ತದೆ. ಸತುವಿನ ನೈಟ್ರೇಟ್ ಬಳಸಿದರೆ ದೊರೆಯುವುದು ರಂಧ್ರಮಯ ಸತುವಿನ ಆಕ್ಸೈಡ್. ಅದೇ ಸಂಸ್ಥೆಯ ನವಕಾಂತ ಭಟ್ ಮತ್ತು ಸಂಗಡಿಗರು ಸ್ವೀಡನ್ನಿನ ಕೆಟಿಎಚ್ ಸಂಸ್ಥೆಯೊಡಗೂಡಿ 2017ರಲ್ಲಿ ಇನ್ನೊಂದು ಜಾಣ ದಾರಿ ತೋರಿದರು. ಪಾಲಿಸ್ಟೈರೀನ್ ಮಣಿಗಳನ್ನು ಒತ್ತಾಗಿ ಹರಡಿ, ಸಂದುಗಳಲ್ಲಿ ಸತುವಿನ ಆಕ್ಸೈಡ್ ತುಂಬಿಸಿ, ಬಳಿಕ ಮಣಿಗಳನ್ನು ಕರಗಿಸಿದಾಗ ಉಳಿದದ್ದು ಜೇನುಹುಟ್ಟಿನಂತಹ ಜಾಲ. ಅದು ನೂರು ಕೋಟಿ ಕಣಗಳಲ್ಲಿ 500ರಷ್ಟು ಕಾರ್ಬನ್ ಮಾನಾಕ್ಸೈಡನ್ನೂ ಪತ್ತೆಹಚ್ಚಿತು.

ಇಷ್ಟಾದರೂ ಈ ಸಂವೇದಕವೊಂದನ್ನೇ ನಂಬಿ ಗುಂಡಿಗಿಳಿಯುವಂತಿಲ್ಲ. ಎಥನಾಲ್, ಅಸಿಟೋನ್, ಕಾರ್ಬನ್ ಮಾನಾಕ್ಸೈಡ್ ಎಲ್ಲಕ್ಕೂ ಇದು ಹೆಚ್ಚುಕಡಿಮೆ ಒಂದೇ ಬಗೆಯಲ್ಲಿ ಮಿಡಿಯುತ್ತದೆ. ತೇವಾಂಶ ಹೆಚ್ಚಿದರೆ ಸಾಮಾನ್ಯವಾಗಿ ಮಂಕಾಗುತ್ತದೆ. ಹೈಡ್ರೋಜನ್ ಸಲ್ಫೈಡ್ ಇರುವೆಡೆ ಮೇಲ್ಮೈ ಸತುವಿನ ಸಲ್ಫೈಡ್ ಆಗಿ ಮಾರ್ಪಡಬಲ್ಲದು. ಬಿಸಿಯಾಗಿರಲು ಸತತ ವಿದ್ಯುತ್ ಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಇಂಗಾಲದ ಡೈ ಆಕ್ಸೈಡ್ ಇದರೊಡನೆ ಸುಲಭವಾಗಿ ವರ್ತಿಸುವುದಿಲ್ಲ. ಅಂದರೆ ಹಗೇವಿನ ಮಟ್ಟಿಗೆ ಅಜ್ಜನ ಕಂದೀಲೇ ಮೇಲು! ಆದರೆ ಕಂದೀಲೂ ಪೂರ್ಣ ಭರವಸೆಯಲ್ಲ: ಅದು ಆರುವುದು ಆಮ್ಲಜನಕ ಶೇ. 16-17ಕ್ಕೆ ಇಳಿದಾಗ, ಸುರಕ್ಷತೆಯ ಕನಿಷ್ಠ ಮಿತಿಯಾದರೋ ಶೇ. 19.5.

ಹೈಡ್ರೋಜನ್ ಸಲ್ಫೈಡಿನ ವಿಷಯದಲ್ಲಿ ಮೂಗನ್ನೂ ನೆಚ್ಚುವಂತಿಲ್ಲ. ಹತ್ತು ಲಕ್ಷ ಕಣಗಳಲ್ಲಿ 100ರ ಮಟ್ಟದಲ್ಲಿ ಘ್ರಾಣಶಕ್ತಿ ಕುಂದಿ ವಾಸನೆ ಮಾಯವಾಗುತ್ತದೆ. ದುರ್ವಾಸನೆ ಹೋಯಿತೆಂದು ಇಳಿದವನು ಕುಸಿಯುತ್ತಾನೆ, ಅವನನ್ನು ಎತ್ತಲು ಧಾವಿಸಿದವನೂ ಕುಸಿಯುತ್ತಾನೆ. ಸದ್ಯ ಇಂತಹ ಕೆಲಸಕ್ಕೆ ಬಳಸುವುದು ಆಮ್ಲಜನಕ, ಹೈಡ್ರೋಜನ್ ಸಲ್ಫೈಡ್, ಕಾರ್ಬನ್ ಮಾನಾಕ್ಸೈಡ್ ಮತ್ತು ಉರಿಯುವ ಅನಿಲಗಳನ್ನು ಬೇರೆಬೇರೆಯಾಗಿ ಅಳೆಯುವ ನಾಲ್ಕು ಅನಿಲಗಳ ಮಾಪಕ. ಇಂಗಾಲದ ಡೈ ಆಕ್ಸೈಡಿಗೆ ಅವಕೆಂಪು ಸಂವೇದಕ ಪ್ರತ್ಯೇಕವಾಗಿ ಬೇಕು. ಮಿಥೇನ್ ಹಗುರ, ಹೈಡ್ರೋಜನ್ ಸಲ್ಫೈಡ್ ಭಾರ. ಆದ್ದರಿಂದ ಆ ಮಾಪಕವನ್ನೂ ಮೊದಲು ಹಗ್ಗಕ್ಕೆ ಕಟ್ಟಿಯೇ ಇಳಿಬಿಟ್ಟು, ಮೇಲೆ, ನಡುವೆ, ತಳದಲ್ಲಿ ಮೂರು ಕಡೆ ಅಳತೆ ನೋಡಬೇಕಾಗುತ್ತದೆ.